ಕಾರ್ಖಾನೆಯ ವ್ಯಾಯಾಮ: ಕಾರ್ಮಿಕರನ್ನು ಕೇಳದೆ ರೂಪಿಸಿದ ಕಾರ್ಯಕ್ರಮ ಏಕೆ ನಿಲ್ಲುತ್ತದೆ?

ಮಾಕಳಿದುರ್ಗದ ರೈಲು ನಿಲ್ದಾಣದಲ್ಲಿ ಭಾನುವಾರ ಬೆಳಿಗ್ಗೆ ಇಳಿಯುವ ಪ್ರಯಾಣಿಕರಲ್ಲಿ ಬೆಂಗಳೂರಿನ ಕಂಪನಿಗಳ ಹೆಸರು ಅಚ್ಚಾದ ಟೀ ಶರ್ಟು ತೊಟ್ಟ ತರುಣ ತರುಣಿಯರ ಗುಂಪುಗಳನ್ನು ಕಾಣಬಹುದು. ದೊಡ್ಡಬಳ್ಳಾಪುರದಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕಿರುವ, ಸಮುದ್ರ ಮಟ್ಟದಿಂದ 1,117 ಮೀಟರ್ ಎತ್ತರದ ಈ ಬೆಟ್ಟವನ್ನೇರಿ, ಪಾಳುಬಿದ್ದ ಕೋಟೆಯ ಗೋಡೆಗಳನ್ನೂ ತುದಿಯ ಶಿವಾಲಯವನ್ನೂ ಕಂಡು, ಬೆವರು ಒರೆಸಿಕೊಂಡು ಇಳಿಯುವ ಅವರಿಗೆ ಅದು ವಾರದ ದಣಿವನ್ನು ಕಳೆಯುವ ವ್ಯಾಯಾಮ. ಅದೇ ಬೆಟ್ಟದ ಸುತ್ತಿನ ಹಳ್ಳಿಗಳಿಂದ ಸೋಮವಾರ ನಸುಕಿನಲ್ಲಿ ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿಗೂ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶಕ್ಕೂ ದುಡಿಮೆಗೆ ಹೊರಡುವವರಿಗೆ ಬೆಟ್ಟ ಹತ್ತುವುದು ಉಲ್ಲಾಸದ ಸಂಗತಿಯಾಗಿ ಕಂಡೀತೆಂದು ಹೇಳಲಾಗದು. ಸೌದೆಗೆಂದೋ ಆಡು ಕುರಿಗಳ ಹಿಂದೆಯೋ ಆ ಇಳಿಜಾರನ್ನು ಚಿಕ್ಕಂದಿನಿಂದ ಹತ್ತಿಳಿದವರಿಗೆ ಅದು ಕೆಲಸ. ತಾವಾಗಿ ಆರಿಸಿಕೊಂಡು ಬಂದವರಿಗೆ ಅದು ಆಟ. ಕಾಲಿಗೆ ಆಗುವ ಶ್ರಮ ಮಾತ್ರ ಎರಡರಲ್ಲಿಯೂ ಒಂದೇ.

ಉದ್ಯೋಗ ಸ್ಥಳದಲ್ಲಿ ವ್ಯಾಯಾಮ ಕಾರ್ಯಕ್ರಮಗಳನ್ನು ಏರ್ಪಡಿಸುವ ಉದ್ಯಮಿಗಳು ಈ ವ್ಯತ್ಯಾಸವನ್ನು ಮನಗಾಣುವುದು ಅವಶ್ಯಕವಾಗಿದೆ. ಕಾರ್ಮಿಕರ ಆರೋಗ್ಯದ ಬಗ್ಗೆ ಆಡಳಿತ ವರ್ಗಗಳಲ್ಲಿ ಕಾಳಜಿ ಹೆಚ್ಚುತ್ತಿರುವುದು ಸ್ವಾಗತಾರ್ಹವೇ ಸರಿ. 2015ರಿಂದ ಪ್ರತಿ ವರ್ಷ ಜೂನ್ 21ರಂದು ಆಚರಿಸಲಾಗುತ್ತಿರುವ ಅಂತಾರಾಷ್ಟ್ರೀಯ ಯೋಗ ದಿನ ಕಾರ್ಖಾನೆಗಳ ಅಂಗಳವನ್ನೂ ತಲುಪಿದೆ. ಕೇಂದ್ರದ ಆಯುಷ್ ಸಚಿವಾಲಯವು ದುಡಿಯುವವರಿಗಾಗಿ ಐದು ನಿಮಿಷಗಳ 'ವೈ ಬ್ರೇಕ್' ಎಂಬ ಯೋಗ ವಿರಾಮವನ್ನು ರೂಪಿಸಿ, 2021ರ ಸೆಪ್ಟೆಂಬರಿನಲ್ಲಿ ಅದರ ಮೊಬೈಲ್ ಆ್ಯಪ್ ಅನ್ನೂ ಹೊರತಂದಿತು. ಜಪಾನಿನಲ್ಲಿ 1928ರಲ್ಲಿ ಆರಂಭವಾದ ರೇಡಿಯೊ ವ್ಯಾಯಾಮವು ಅಲ್ಲಿನ ಕಾರ್ಖಾನೆ, ಕಚೇರಿಗಳ ದಿನಚರಿಯನ್ನೇ ಸೇರಿದ ಕಥೆಯನ್ನು ಆಡಳಿತ ಶಾಸ್ತ್ರದ ತರಬೇತಿಗಳಲ್ಲಿ ಕೇಳದವರು ವಿರಳ. ಮಾದರಿಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೇರೆಡೆ.

ಸಾಮಾನ್ಯವಾಗಿ ನಡೆಯುವ ಕ್ರಮವೇನು? ಸಿಬ್ಬಂದಿ ವಿಭಾಗದ ಅಧಿಕಾರಿಯೊಬ್ಬರು ಪ್ರಸ್ತಾವನೆ ಸಿದ್ಧಪಡಿಸುತ್ತಾರೆ. ಯೋಗ ಶಿಕ್ಷಕರೊಬ್ಬರನ್ನು ಗೊತ್ತುಪಡಿಸಲಾಗುತ್ತದೆ. ಪಾಳಿ ಆರಂಭವಾಗುವ ಕಾಲು ಗಂಟೆ ಮೊದಲು ಎಲ್ಲರೂ ಅಂಗಳದಲ್ಲಿ ಸೇರಬೇಕೆಂದು ಸೂಚನಾ ಫಲಕದಲ್ಲಿ ಪ್ರಕಟಣೆ ಬೀಳುತ್ತದೆ. ಮೊದಲ ದಿನ ಆಡಳಿತ ನಿರ್ದೇಶಕರೂ ಬಂದು ಕೈಕಾಲು ಚಾಚುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಮೂರನೆಯ ವಾರದಲ್ಲಿ ಹಾಜರಿ ಅರ್ಧಕ್ಕಿಳಿಯುತ್ತದೆ; ಸೂಪರ್‌ವೈಸರುಗಳು ಹಾಜರಿ ಪುಸ್ತಕ ಹಿಡಿದು ನಿಲ್ಲತೊಡಗುತ್ತಾರೆ. ಮೂರನೆಯ ತಿಂಗಳಿನಲ್ಲಿ ಒಂದು ದೊಡ್ಡ ರವಾನೆಯ ಗಡುವು ಬಂದು ಕಾರ್ಯಕ್ರಮ 'ತಾತ್ಕಾಲಿಕವಾಗಿ' ನಿಂತು, ಅನಂತರ ಯಾರಿಗೂ ನೆನಪಾಗುವುದಿಲ್ಲ. 'ನಮ್ಮ ಜನಕ್ಕೆ ಆರೋಗ್ಯದ ಅರಿವೇ ಇಲ್ಲ' ಎಂಬ ತೀರ್ಮಾನದೊಂದಿಗೆ ಕಡತ ಮುಚ್ಚುತ್ತದೆ.

ಈ ತೀರ್ಮಾನ ತಪ್ಪು. ಕಾರ್ಯಕ್ರಮ ಸೋತದ್ದು ಕಾರ್ಮಿಕರ ಉದಾಸೀನದಿಂದಲ್ಲ. ಅದನ್ನು ಯಾರ ಮೈಗಾಗಿ ರೂಪಿಸಲಾಯಿತೋ ಅವರನ್ನು ಒಂದು ಮಾತೂ ಕೇಳದೆ ಇದ್ದುದರಿಂದ.

ಮೈಯ ಲೆಕ್ಕ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಟೈಲರ್ ಆಗಿರುವ ಒಬ್ಬ ಮಹಿಳೆಯ ದಿನವನ್ನು ಗಮನಿಸಬಹುದು. ಬೆಳಿಗ್ಗೆ ನಾಲ್ಕೂವರೆ ಐದಕ್ಕೆ ಎದ್ದು ನೀರು ತುಂಬಿ, ಮನೆಮಂದಿಗೆಲ್ಲ ಅಡುಗೆ ಮಾಡಿ, ಮಕ್ಕಳಿಗೆ ಬುತ್ತಿ ಕಟ್ಟಿ, ವಾಹನ ಬರುವ ಜಾಗಕ್ಕೆ ನಡೆದು ಬರುವ ಹೊತ್ತಿಗೆ ಆಕೆಯ ದೇಹ ಎರಡು ಮೂರು ಗಂಟೆ ದುಡಿದಿರುತ್ತದೆ. ಅನಂತರ ಎಂಟು ಗಂಟೆ ಒಂದೇ ಭಂಗಿ: ಕತ್ತು ಮುಂದಕ್ಕೆ, ಬೆನ್ನು ಬಾಗಿ, ಬಲಗಾಲು ಪೆಡಲಿನ ಮೇಲೆ, ಎರಡೂ ಕೈ ಸೂಜಿಯ ಮುಂದೆ. ಆಕೆಯ ಮೈಗೆ ಒಟ್ಟಾರೆ ಶ್ರಮದ ಕೊರತೆಯಿಲ್ಲ. ನೋವಿರುವುದು ಕತ್ತಿನಲ್ಲಿ, ಹೆಗಲಿನಲ್ಲಿ, ಸೊಂಟದಲ್ಲಿ. ಅದೇ ಸೂರಿನ ಕೆಳಗೆ ಇಸ್ತ್ರಿ ಮಾಡುವಾತ ದಿನವಿಡೀ ನಿಂತೇ ಇರುತ್ತಾನೆ. ಆತನ ಪಾದ, ಮೊಣಕಾಲು, ಬಲ ಭುಜ ಬಳಲಿರುತ್ತವೆ. ಕಟಿಂಗ್ ವಿಭಾಗದವರು ಮೇಜಿನ ಮೇಲೆ ಬಾಗಿ ಕೈ ಚಾಚಿ ದುಡಿಯುತ್ತಾರೆ. ಚೆಕಿಂಗ್ ವಿಭಾಗದವರಿಗೆ ಕಣ್ಣಿನ ಶ್ರಮ, ನಿಲುವಿನ ಶ್ರಮ ಎರಡೂ ಉಂಟು. ಇವರೆಲ್ಲರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿ ಹನ್ನೆರಡು ಸೂರ್ಯನಮಸ್ಕಾರ ಮಾಡಿಸುವುದೆಂದರೆ ಎಲ್ಲ ರೋಗಿಗಳಿಗೂ ಒಂದೇ ಮಾತ್ರೆ ಕೊಟ್ಟಂತೆ.

ಕೆಲಸದಲ್ಲಿ ಆಗುವ ಶ್ರಮವೂ ಬಿಡುವಿನಲ್ಲಿ ಮಾಡುವ ವ್ಯಾಯಾಮವೂ ಆರೋಗ್ಯದ ಮೇಲೆ ಒಂದೇ ಬಗೆಯ ಪರಿಣಾಮ ಬೀರುವುದಿಲ್ಲವೆಂಬುದನ್ನು ಡೆನ್ಮಾರ್ಕಿನ ಆಂದ್ರೆಯಾಸ್ ಹೋಲ್ಟರ್‌ಮನ್ ಮೊದಲಾದ ಸಂಶೋಧಕರು ಕಳೆದ ಕೆಲವು ವರ್ಷಗಳಿಂದ ಒತ್ತಿ ಹೇಳುತ್ತ ಬಂದಿದ್ದಾರೆ. ಹಗಲೆಲ್ಲ ಭಾರ ಎತ್ತುವವನಿಗೆ 'ನೀನು ಸಾಕಷ್ಟು ವ್ಯಾಯಾಮ ಮಾಡುತ್ತಿದ್ದೀಯೆ' ಎನ್ನುವುದೂ ತಪ್ಪು. ಅವನನ್ನು ಇನ್ನಷ್ಟು ದಣಿಸುವುದೂ ತಪ್ಪು. ಬೇಕಾದದ್ದು ಕೆಲಸ ಕೆಡಿಸಿದ್ದನ್ನು ಸರಿಪಡಿಸುವ ಚಲನೆ. ಅದು ದೀರ್ಘವಾಗಿರಬೇಕೆಂದೇನೂ ಇಲ್ಲ. ಡೆನ್ಮಾರ್ಕಿನಲ್ಲಿಯೇ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕತ್ತು ಮತ್ತು ಹೆಗಲು ನೋವಿದ್ದ 198 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ವಾರಕ್ಕೆ ಐದು ದಿನದಂತೆ 10 ವಾರ ರಬ್ಬರಿನ ಪಟ್ಟಿಯನ್ನು ಎಳೆಯುವ ವ್ಯಾಯಾಮ ಮಾಡಿಸಲಾಯಿತು. ಏನನ್ನೂ ಮಾಡದ ಮೂರನೆಯ ಗುಂಪಿಗೆ ಹೋಲಿಸಿದಾಗ ಎರಡೂ ಗುಂಪುಗಳ ನೋವು ಇಳಿದಿತ್ತು. ಎರಡೇ ನಿಮಿಷ, ಆದರೆ ನೋಯುವ ಜಾಗಕ್ಕೆ. ನೋಯುವ ಜಾಗ ಯಾವುದೆಂದು ಹೇಳಬಲ್ಲವರು ನೋವುಳ್ಳವರೇ.

ಮತ್ತೊಂದು ಪ್ರಯೋಗ ಇನ್ನೂ ಗಮನಾರ್ಹವಾದುದು. ಅದೇ ದೇಶದ ಮೂರು ಆಸ್ಪತ್ರೆಗಳ 200 ಮಹಿಳಾ ಸಿಬ್ಬಂದಿಯಲ್ಲಿ ಕೆಲವರಿಗೆ ದಿನಕ್ಕೆ 10 ನಿಮಿಷ ಕೆಲಸದ ವೇಳೆಯಲ್ಲಿಯೇ, ಸಹೋದ್ಯೋಗಿಗಳ ಜೊತೆ ವ್ಯಾಯಾಮ ಮಾಡುವ ಅವಕಾಶ ಕಲ್ಪಿಸಲಾಯಿತು. ಉಳಿದವರಿಗೆ ಮನೆಯಲ್ಲಿ, ತಮ್ಮ ಬಿಡುವಿನಲ್ಲಿ ಮಾಡಿಕೊಳ್ಳುವಂತೆ ಹೇಳಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹತ್ತು ವಾರಗಳ ಅನಂತರ ಕೆಲಸದ ವೇಳೆಯಲ್ಲಿ ಮಾಡಿದವರ ನೋವು ಮನೆಯಲ್ಲಿ ಮಾಡಿಕೊಳ್ಳಬೇಕಾಗಿದ್ದವರ ನೋವಿಗಿಂತ ಹೆಚ್ಚು ಕಡಿಮೆಯಾಗಿತ್ತು. ಮನೆಗೆ ಹೋದ ಮೇಲೆ ಬಿಡುವೆಲ್ಲಿದೆ ಎಂಬ ಪ್ರಶ್ನೆ ಡೆನ್ಮಾರ್ಕಿನ ದಾದಿಯರಿಗೇ ಇರುವುದಾದರೆ ದೊಡ್ಡಬಳ್ಳಾಪುರದ ಟೈಲರಿಗೆ ಇರುವುದರಲ್ಲಿ ಆಶ್ಚರ್ಯವಿಲ್ಲ.

ಯಾರ ಸಮಯ?

ಇಲ್ಲಿಗೆ ವಿಷಯದ ತಿರುಳಿಗೆ ಬಂದಂತಾಯಿತು. ವ್ಯಾಯಾಮದ ಕಾಲು ಗಂಟೆ ಯಾರ ಖಾತೆಯಿಂದ ಹೋಗುತ್ತದೆ?

ಪಾಳಿಗೆ ಮೊದಲು ಎಂದರೆ ಅದು ಕಾರ್ಮಿಕಳ ಖಾತೆ: ಬೆಳಿಗ್ಗೆ ಇನ್ನೂ ಹದಿನೈದು ನಿಮಿಷ ಮೊದಲೇ ಒಲೆ ಹಚ್ಚಬೇಕು. ಊಟದ ಬಿಡುವಿನಲ್ಲಿ ಎಂದರೂ ಅದು ಆಕೆಯದೇ ಖಾತೆ. ಅರ್ಧ ಗಂಟೆಯಲ್ಲಿ ಕೈ ತೊಳೆಯಲು ಸಾಲು ನಿಂತು, ಉಂಡು, ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಪಾಳಿ ಮುಗಿದ ಮೇಲೆ ಎಂದರೆ ವಾಹನ ತಪ್ಪುತ್ತದೆ. ಉಳಿಯುವುದು ಕೆಲಸದ ವೇಳೆ. ಆಡಳಿತ ವರ್ಗ ಉದಾರವಾಗಿ ಕೆಲಸದ ವೇಳೆಯಲ್ಲಿಯೇ ಹತ್ತು ನಿಮಿಷ ಕೊಟ್ಟಿತೆನ್ನೋಣ. ಗಂಟೆಗೆ 60 ತುಂಡು ಹೊಲಿಯಬೇಕಾದ ಲೈನಿನಲ್ಲಿ ಹತ್ತು ನಿಮಿಷಕ್ಕೆ 10 ತುಂಡು ಕಡಿಮೆಯಾಗುತ್ತದೆ. ದಿನದ ಟಾರ್ಗೆಟ್ಟನ್ನು ಅಷ್ಟು ಇಳಿಸದಿದ್ದರೆ ಆ ಹತ್ತು ತುಂಡುಗಳನ್ನು ಸಂಜೆಯೊಳಗೆ ಅದೇ ಕೈಗಳು ಹೊಲಿದು ತೀರಿಸಬೇಕು; ಇಲ್ಲವಾದರೆ ಸೂಪರ್‌ವೈಸರರ ಬೈಗುಳ ಕೇಳಬೇಕು. ಅಂದರೆ ಕತ್ತಿನ ನೋವಿಗೆಂದು ಕೊಟ್ಟ ವಿರಾಮ ಕತ್ತಿನ ಮೇಲಿನ ಒತ್ತಡವನ್ನೇ ಹೆಚ್ಚಿಸಿದಂತಾಗುತ್ತದೆ. ಇಂಥ ವಿರಾಮವನ್ನು ಕಾರ್ಮಿಕರು ತಪ್ಪಿಸಿಕೊಂಡರೆ ಅದು ಅರಿವಿನ ಅಭಾವವಲ್ಲ, ಸರಿಯಾದ ಲೆಕ್ಕಾಚಾರ.

ಮಾಲೀಕರ ಲೆಕ್ಕವನ್ನೂ ಅಲ್ಲಗಳೆಯುವಂತಿಲ್ಲ. 500 ಮಂದಿ ದುಡಿಯುವ ಘಟಕದಲ್ಲಿ ದಿನಕ್ಕೆ 10 ನಿಮಿಷವೆಂದರೆ 83 ಗಂಟೆಗಳ ದುಡಿಮೆ. ಎಂಟು ಗಂಟೆಯ ಪಾಳಿಯಲ್ಲಿ ಶೇ. 2ಕ್ಕಿಂತ ತುಸು ಹೆಚ್ಚು. ವಿದೇಶಿ ಖರೀದಿದಾರರು ಬೆಲೆಯನ್ನು ಸೆಂಟುಗಳ ಲೆಕ್ಕದಲ್ಲಿ ಚೌಕಾಸಿ ಮಾಡುವ ವ್ಯಾಪಾರದಲ್ಲಿ ಶೇ. 2 ಸಣ್ಣ ಮೊತ್ತವಲ್ಲ. ಆದುದರಿಂದಲೇ ಈ ಖರ್ಚನ್ನು ಮಾಡುವ ಮೊದಲು ಅದು ಎಲ್ಲಿ ಫಲಿಸುತ್ತದೆಂದು ತಿಳಿದುಕೊಳ್ಳುವುದು ವ್ಯವಹಾರ ಜ್ಞಾನ. ಎಲ್ಲರಿಗೂ ಒಂದೇ ಹತ್ತು ನಿಮಿಷವೇ, ಅಥವಾ ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಮೂರು ಮೂರು ನಿಮಿಷ ಯಂತ್ರದ ಬಳಿಯಲ್ಲಿಯೇ ಸಾಕೇ ಎಂಬುದನ್ನು ಹೇಳಬಲ್ಲವರು ಆ ಯಂತ್ರದ ಮುಂದೆ ಕುಳಿತವರು. ಯಾವ ಹೊತ್ತಿನಲ್ಲಿ ಕತ್ತು ಹೆಚ್ಚು ಹಿಡಿಯುತ್ತದೆ, ಯಾವ ಹೊತ್ತಿನಲ್ಲಿ ಬಟ್ಟೆಯ ಕಟ್ಟು ಬರುವುದು ತಡವಾಗಿ ಲೈನು ಹೇಗೂ ಐದು ನಿಮಿಷ ಖಾಲಿ ಕೂರುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಖರ್ಚು ಮಾಡಿ ಫಲ ಕಾಣದ ಉದಾಹರಣೆಗಳು ಶ್ರೀಮಂತ ದೇಶಗಳಲ್ಲಿಯೇ ಸಾಕಷ್ಟಿವೆ. ಅಮೆರಿಕದಲ್ಲಿ ಒಂದು ಸಗಟು ಮಳಿಗೆಗಳ ಸಂಸ್ಥೆಯ 160 ಶಾಖೆಗಳಲ್ಲಿ, ಸುಮಾರು 33 ಸಾವಿರ ನೌಕರರನ್ನು ಒಳಗೊಂಡು, 20 ಶಾಖೆಗಳಲ್ಲಿ ಮಾತ್ರ ಆರೋಗ್ಯ ಕಾರ್ಯಕ್ರಮ ನಡೆಸಿ ಹದಿನೆಂಟು ತಿಂಗಳು ಗಮನಿಸಲಾಯಿತು. 2019ರಲ್ಲಿ ಪ್ರಕಟವಾದ ವರದಿಯಂತೆ, ತಾವು ನಿಯಮಿತವಾಗಿ ವ್ಯಾಯಾಮ ಮಾಡುತ್ತೇವೆಂದು ಹೇಳಿದವರ ಪ್ರಮಾಣ ಕಾರ್ಯಕ್ರಮವಿದ್ದ ಶಾಖೆಗಳಲ್ಲಿ ಸುಮಾರು 8 ಅಂಶಗಳಷ್ಟು ಹೆಚ್ಚಿತ್ತು. ಆದರೆ ರಕ್ತದೊತ್ತಡ, ತೂಕ ಮೊದಲಾದ ಅಳತೆಗಳಲ್ಲಾಗಲೀ ವೈದ್ಯಕೀಯ ವೆಚ್ಚದಲ್ಲಾಗಲೀ ಗೈರುಹಾಜರಿಯಲ್ಲಾಗಲೀ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 5 ಸಾವಿರ ನೌಕರರ ಮೇಲೆ ನಡೆದ ಇನ್ನೊಂದು ಅಧ್ಯಯನವು ಅದೇ ವರ್ಷ ಇಂಥದೇ ಫಲಿತಾಂಶ ನೀಡಿತು. ಸ್ವಯಂಪ್ರೇರಿತರಾಗಿ ಮುಂದೆ ಬಂದವರು ಮೊದಲಿನಿಂದಲೂ ವೈದ್ಯಕೀಯ ವೆಚ್ಚ ಕಡಿಮೆಯಿದ್ದವರೇ ಆಗಿದ್ದರೆಂಬುದು ಅಲ್ಲಿ ಹೊರಬಿದ್ದ ಸಂಗತಿ. ಬಾಡಿಗೆಗೆ ತಂದ ಸಿದ್ಧ ಕಾರ್ಯಕ್ರಮ ಆರೋಗ್ಯವಂತರನ್ನು ಆಕರ್ಷಿಸಿ, ನೋವುಳ್ಳವರನ್ನು ಹೊರಗೇ ಬಿಡುವ ಸಂಭವ ಹೆಚ್ಚು.

ಪೈಜಾಮ ಕಾರ್ಖಾನೆಯ ಪಾಠ

ಕೆಲಸದ ಬದಲಾವಣೆಗಳನ್ನು ಕಾರ್ಮಿಕರೊಡನೆ ಕೂಡಿ ರೂಪಿಸಿದರೆ ಏನಾಗುತ್ತದೆಂಬ ಬಗ್ಗೆ ಅತಿ ಹಳೆಯ, ಅತಿ ಪ್ರಸಿದ್ಧ ಪ್ರಯೋಗ ನಡೆದುದು ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿಯೇ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಊರಿನ ಹಾರ್ವುಡ್ ಕಂಪನಿಯು ಪೈಜಾಮಗಳನ್ನು ತಯಾರಿಸುತ್ತಿತ್ತು. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಕೆಲಸದ ವಿಧಾನ ಸ್ವಲ್ಪ ಬದಲಾಯಿಸಿದೊಡನೆ ಉತ್ಪಾದನೆ ಕುಸಿಯುವುದು, ಜನ ಕೆಲಸ ಬಿಡುವುದು ಅಲ್ಲಿನ ಮಾಮೂಲಿ ತಲೆನೋವು. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಎಂಬ ಇಬ್ಬರು ಕಾರ್ಮಿಕರ ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ಮನೆ ವಿವರಿಸಿ ಹೇಳಿದರು. ಇನ್ನೊಂದು ಗುಂಪಿನ ಪ್ರತಿನಿಧಿಗಳೊಡನೆ ಚರ್ಚಿಸಿ ರೂಪಿಸಿದರು. ಉಳಿದ ಎರಡು ಗುಂಪುಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು ರೂಪಿಸಿದರು. 1948ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮೊದಲ ಗುಂಪಿನಲ್ಲಿ ನಲವತ್ತು ದಿನದೊಳಗೆ ಶೇ. 17 ಮಂದಿ ಕೆಲಸ ಬಿಟ್ಟರು, ಉತ್ಪಾದನೆ ಮೇಲೇಳಲೇ ಇಲ್ಲ. ಎಲ್ಲರೂ ಪಾಲ್ಗೊಂಡ ಗುಂಪುಗಳು ಕೆಲವೇ ದಿನಗಳಲ್ಲಿ ಹಳೆಯ ಮಟ್ಟಕ್ಕೆ ಬಂದು, ಅದನ್ನು ಮೀರಿದವು. ಇನ್ನೂ ಕುತೂಹಲದ ಸಂಗತಿಯೆಂದರೆ, ಸೋತ ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಕೆಲವು ತಿಂಗಳ ಅನಂತರ ಪಾಲ್ಗೊಳ್ಳುವ ಕ್ರಮದಲ್ಲಿ ಹೊಸ ಕೆಲಸಕ್ಕೆ ಹಚ್ಚಿದಾಗ ಅವರೂ ಉಳಿದವರಂತೆಯೇ ಮೇಲೆದ್ದರು. 'ನಮ್ಮ ಜನವೇ ಹಾಗೆ' ಎನ್ನುವವರು ಈ ಕೊನೆಯ ಭಾಗವನ್ನು ಎರಡು ಸಲ ಓದಬೇಕು.

ಗುಂಪುಗಳು ಚಿಕ್ಕವಾಗಿದ್ದವೆಂಬುದು ನಿಜ. ನಾರ್ವೆಯ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಇದೇ ಪ್ರಯೋಗವನ್ನು ಪುನರಾವರ್ತಿಸಿ 1960ರಲ್ಲಿ ಪ್ರಕಟಿಸಿದಾಗ ಉತ್ಪಾದನೆಯಲ್ಲಿ ಅಂಥ ಏರಿಕೆ ಕಾಣಲಿಲ್ಲ. ಅಲ್ಲಿ ಕಾರ್ಮಿಕರಿಗೆ ಬಿಟ್ಟುಕೊಟ್ಟ ನಿರ್ಧಾರಗಳು ಉತ್ಪಾದನೆಗೆ ಅಷ್ಟೇನೂ ಮುಖ್ಯವಲ್ಲದವು. ವ್ಯಾಯಾಮ ಕಾರ್ಯಕ್ರಮಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಚಾಪೆಯ ಬಣ್ಣ ಯಾವುದಿರಬೇಕು, ಹಿನ್ನೆಲೆಯಲ್ಲಿ ಯಾವ ಹಾಡು ಹಾಕಬೇಕು ಎಂದು ಕೇಳಿ, ಸಮಯ ಮತ್ತು ಟಾರ್ಗೆಟ್ಟನ್ನು ಮಾತ್ರ ಕೋಣೆಯೊಳಗೆ ತೀರ್ಮಾನಿಸಿದರೆ ಅದು ಕೇಳಿದಂತಲ್ಲ.

ಭಾರತದ ಸಿದ್ಧ ಉಡುಪು ಕಾರ್ಖಾನೆಗಳಿಂದಲೇ ಬಂದ ಸಾಕ್ಷ್ಯವೂ ಇದೆ. 2016ರಲ್ಲಿ ವೇತನ ಏರಿಕೆಯು ಕಾರ್ಮಿಕರ ನಿರೀಕ್ಷೆಗಿಂತ ಕಡಿಮೆಯಾದ ಸಂದರ್ಭದಲ್ಲಿ, ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರಾದ ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದಂತೆ ಆರಿಸಿದ ಕಾರ್ಮಿಕರಿಂದ ಹೆಸರು ಹೇಳಬೇಕಾಗಿಲ್ಲದ ಪ್ರಶ್ನಾವಳಿಯ ಮೂಲಕ ಕೆಲಸದ ಸ್ಥಿತಿಗತಿ, ಸೂಪರ್‌ವೈಸರರ ವರ್ತನೆ ಇತ್ಯಾದಿಗಳ ಬಗ್ಗೆ ಅಭಿಪ್ರಾಯ ಪಡೆದರು. ಅಭಿಪ್ರಾಯ ಹೇಳುವ ಅವಕಾಶ ದೊರೆತವರು ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಡುವ ಸಂಭವ ಉಳಿದವರಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿತ್ತೆಂದು 2022ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸುತ್ತದೆ. ಕಾರ್ಮಿಕರು ಬಿಟ್ಟುಹೋಗುವುದೇ ದೊಡ್ಡ ಸಮಸ್ಯೆಯಾಗಿರುವ ಈ ಉದ್ಯಮದಲ್ಲಿ ಇದು ಅಲಕ್ಷಿಸಬಹುದಾದ ಅಂಕಿಯಲ್ಲ. ಆದರೆ ಕೇಳಿ ಸುಮ್ಮನಾಗುವ ಉಪಾಯ ಎರಡನೆಯ ಬಾರಿ ಫಲಿಸಲಾರದು.

ಕೇಳದಿದ್ದರೆ ಏನಾಗಬಹುದೆಂಬುದಕ್ಕೂ ಅದೇ ವರ್ಷದ ಬೆಂಗಳೂರು ಸಾಕ್ಷಿಯಾಯಿತು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು 2016ರ ಫೆಬ್ರುವರಿಯಲ್ಲಿ ಹೊರಟ ಅಧಿಸೂಚನೆಯ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ ಕಾರ್ಮಿಕರು ಬೀದಿಗಿಳಿದರು. 19ರಂದೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಕಾರ್ಮಿಕರ ಭವಿಷ್ಯದ ಹಿತಕ್ಕಾಗಿ ಎಂದು ಸಮರ್ಥಿಸಲಾದ ನಿಯಮವದು. ಯಾವ ಕಷ್ಟಕಾಲಕ್ಕೆ ಆ ಹಣ ಬೇಕಾಗುತ್ತದೆಂದು ಅವರನ್ನು ಕೇಳಿದವರಿರಲಿಲ್ಲ. ವ್ಯಾಯಾಮದ ವಿಷಯದಲ್ಲಿ ಯಾರೂ ಬೀದಿಗಿಳಿಯುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೆ.

ಕೇಳುವ ಬಗೆ

ಕೇಳುವುದಕ್ಕೆ ಕಾನೂನಿನ ಚೌಕಟ್ಟು ಹೊಸದೇನಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೇ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆಯಾಗದಂತೆ ಕಾರ್ಯ ಸಮಿತಿ ರಚಿಸಲು ಅವಕಾಶ ಕಲ್ಪಿಸಿತ್ತು. 1976ರ 42ನೆಯ ತಿದ್ದುಪಡಿಯಿಂದ ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆ ಸಂವಿಧಾನದ 43ಎ ಅನುಚ್ಛೇದವಾಗಿ ಸೇರಿತು. ಭೋಪಾಲ್ ದುರಂತದ ಅನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸುರಕ್ಷಾ ಸಮಿತಿಯ ಕಲಮು ಬಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಸಮಿತಿಗಳಿಗೆ ಸ್ಥಾನವಿದೆ. ನಿಂತೇ ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂಬ ಹಳೆಯ ನಿಯಮವೂ ಉಳಿದಿದೆ. ಸಮಿತಿಗಳು ಬಹುತೇಕ ಕಡತದಲ್ಲಿಯೇ ಇರುತ್ತವೆಂಬುದು ಎಲ್ಲರಿಗೂ ತಿಳಿದ ವಿಷಯ. ಸಿಬ್ಬಂದಿ ವಿಭಾಗವೇ ಆರಿಸಿದ 'ಪ್ರತಿನಿಧಿ' ಸಿಬ್ಬಂದಿ ವಿಭಾಗಕ್ಕೆ ಬೇಕಾದುದನ್ನೇ ಹೇಳಿದರೆ ಆಕೆಯನ್ನು ದೂರುವಂತಿಲ್ಲ.

ಸಲಹಾ ಪೆಟ್ಟಿಗೆಯೂ ಹೆಚ್ಚು ಉಪಯೋಗಕ್ಕೆ ಬಾರದು. ಬರೆಯಲು ಹಿಂಜರಿಯುವವರು ಇದ್ದಾರೆ. ಒಡಿಶಾ, ಜಾರ್ಖಂಡ್, ಬಿಹಾರಗಳಿಂದ ಬಂದು ಹಾಸ್ಟೆಲುಗಳಲ್ಲಿರುವ ಹುಡುಗಿಯರಿಗೆ ಕನ್ನಡ ಬಾರದು. ಇದಕ್ಕಿಂತ ಸುಲಭವಾದ ಒಂದು ವಿಧಾನವನ್ನು ಹಲವು ದೇಶಗಳಲ್ಲಿ ಬಳಸಲಾಗುತ್ತಿದೆ. ದೊಡ್ಡ ಹಾಳೆಯ ಮೇಲೆ ಮನುಷ್ಯನ ದೇಹದ ಮುಂಭಾಗ, ಹಿಂಭಾಗಗಳ ಬಾಹ್ಯರೇಖೆ ಬರೆದು ಗೋಡೆಗೆ ಅಂಟಿಸಿ, ನೋಯುವ ಜಾಗದಲ್ಲಿ ಬೊಟ್ಟು ಇಡುವಂತೆ ಹೇಳುವುದು. ಹಣೆಗಿಡುವ ಸ್ಟಿಕ್ಕರಿನ ಪೊಟ್ಟಣ ಸಾಕು. ಹೊಲಿಗೆ, ಇಸ್ತ್ರಿ, ಕಟಿಂಗ್ ವಿಭಾಗಗಳಿಗೆ ಬೇರೆ ಬೇರೆ ಹಾಳೆ. ಅರ್ಧ ಗಂಟೆಯಲ್ಲಿ ಕಾರ್ಖಾನೆಯ ನೋವು ಎಲ್ಲಿದೆಯೆಂಬುದು ಯಾವ ಭಾಷೆಯೂ ಇಲ್ಲದೆ ಗೋಡೆಯ ಮೇಲೆ ಮೂಡುತ್ತದೆ. ಸೂಪರ್‌ವೈಸರ್ ಆ ಕೋಣೆಯಲ್ಲಿ ಇರಕೂಡದು. ಹೆಂಗಸರ ಹಾಳೆಯ ಬಳಿ ಗಂಡಸರು ಇರದಿದ್ದರೆ ಒಳಿತು. ಹೊಟ್ಟೆಯ ಕೆಳಭಾಗದ ನೋವು, ನೀರು ಕುಡಿಯದೆ ತಡೆದುಕೊಳ್ಳುವ ಅಭ್ಯಾಸ ಇವೆಲ್ಲ ಆಗಷ್ಟೇ ಹೊರಬರುತ್ತವೆ. ಸೀರೆ, ಚೂಡಿದಾರದಲ್ಲಿ ಯಾವ ಚಲನೆ ಸಾಧ್ಯ, ಮುಟ್ಟಿನ ದಿನಗಳಲ್ಲಿ ಯಾವುದು ಬೇಡ, ಬಸುರಿಯರು ಏನು ಮಾಡಬೇಕು, ಅಂಗಳದಲ್ಲಿ ಡ್ರೈವರುಗಳೂ ಕಾವಲುಗಾರರೂ ನೋಡುತ್ತ ನಿಂತಿರುವಾಗ ಕೈ ಮೇಲೆತ್ತಲು ಸಂಕೋಚವಾಗುತ್ತದೆಯೇ ಎಂಬ ಪ್ರಶ್ನೆಗಳು ಯೋಗ ಶಿಕ್ಷಕರ ಪಠ್ಯದಲ್ಲಿ ಇರುವುದಿಲ್ಲ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1980ರ ದಶಕದಿಂದ ಸಣ್ಣ ಉದ್ಯಮಗಳಿಗಾಗಿ ಬೆಳೆಸಿದ 'ವೈಸ್' ಎಂಬ ಕಾರ್ಯಕ್ರಮ ಇದೇ ತತ್ತ್ವದ ಮೇಲೆ ನಿಂತಿದೆ. ಜಪಾನಿನ ತಜ್ಞ ಕಜುತಕ ಕೋಗಿ ಮೊದಲಾದವರು ರೂಪಿಸಿದ ಈ ವಿಧಾನದಲ್ಲಿ ಮಾಲೀಕರೂ ಕಾರ್ಮಿಕರೂ ಒಂದು ತಪಾಸಣಾ ಪಟ್ಟಿ ಹಿಡಿದು ಘಟಕವನ್ನು ಸುತ್ತಿ, ಕಡಿಮೆ ಖರ್ಚಿನಲ್ಲಿ ತಕ್ಷಣ ಮಾಡಬಹುದಾದ ಸುಧಾರಣೆಗಳನ್ನು ತಾವೇ ಆರಿಸುತ್ತಾರೆ. ವೈದ್ಯಕೀಯ ಸಲಹೆ ಬೇಕಾದರೆ ಜಿಲ್ಲೆಯ ಉದ್ಯಮಿಗಳು ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿಯೇ ಇದೆ.

ಹೀಗೆ ಕೇಳಹೊರಟರೆ ಕಾರ್ಮಿಕರು ವ್ಯಾಯಾಮವನ್ನು ಬಿಟ್ಟು ಬೇರೆಯದನ್ನೇ ಕೇಳುತ್ತಾರೆ ಎಂಬ ಆಕ್ಷೇಪಣೆ ಮಾಲೀಕರಿಂದ ಬರುವುದುಂಟು. ಬರಲಿ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಬದಲು ಕುರ್ಚಿ, ಇಸ್ತ್ರಿಯ ಕಡೆಗೆ ಇನ್ನೊಂದು ಫ್ಯಾನು, ನಿಲ್ಲುವ ಜಾಗಕ್ಕೆ ರಬ್ಬರ್ ಚಾಪೆ, ಶೌಚಾಲಯಕ್ಕೆ ಹೋಗಲು ಟೋಕನ್ ಬೇಡ ಎನ್ನುವುದು, ಇವೇ ಮೊದಲ ಬೇಡಿಕೆಗಳಾಗಬಹುದು. ಕೆಟ್ಟ ಕುರ್ಚಿಯ ಮೇಲೆ ಎಂಟು ಗಂಟೆ ಕೂರಿಸಿ ಹತ್ತು ನಿಮಿಷ ಬೆನ್ನು ಚಾಚಿಸುವುದಕ್ಕಿಂತ ಕುರ್ಚಿ ಬದಲಿಸುವುದು ಅಗ್ಗವಾದರೆ ಆ ಮಾಹಿತಿ ಮಾಲೀಕರಿಗೆ ಲಾಭವೇ. ಎಲ್ಲ ಬೇಡಿಕೆಗಳನ್ನೂ ಈಡೇರಿಸಲಾಗದು. ಯಾವುದು ಆಗದು, ಏಕೆ ಆಗದು ಎಂದು ಅದೇ ಗೋಡೆಯ ಮೇಲೆ ಬರೆದು ಹಾಕಿದರೆ ಮುಂದಿನ ಸಲವೂ ಜನ ಬಾಯಿ ಬಿಡುತ್ತಾರೆ. ಬರಬಯಸದವರಿಗೆ ಬಾರದಿರುವ ಸ್ವಾತಂತ್ರ್ಯವೂ ಇರಬೇಕು. ಹಾಜರಿ ಪುಸ್ತಕವಿರುವ ವ್ಯಾಯಾಮ ಇನ್ನೊಂದು ಪಾಳಿಯೇ.

ದೊಡ್ಡಬಳ್ಳಾಪುರದ ಮತ್ತೊಂದು ಮುಖವನ್ನು ಇಲ್ಲಿ ಮರೆಯುವಂತಿಲ್ಲ. ಪಟ್ಟಣದ ಬೀದಿ ಬೀದಿಗಳಲ್ಲಿ ಸೀರೆ ನೇಯುವ ವಿದ್ಯುತ್ ಮಗ್ಗದ ಘಟಕಗಳಲ್ಲಿ ಸಿಬ್ಬಂದಿ ವಿಭಾಗವೂ ಇಲ್ಲ, ಅಂಗಳವೂ ಇಲ್ಲ. ನಾಲ್ಕೋ ಆರೋ ಮಗ್ಗ, ಪಕ್ಕದವರ ಮಾತು ಕೇಳದಷ್ಟು ಸದ್ದು, ಎಳೆ ಕಡಿದಾಗಲೆಲ್ಲ ಬಾಗಿ ಗಂಟು ಹಾಕುವ ಕೆಲಸ. ಎಷ್ಟೋ ಕಡೆ ಮಾಲೀಕರೇ ನೇಕಾರರು. ಕೂಲಿ ನೇಯ್ಗೆಯ ಲೆಕ್ಕದಲ್ಲಿ ಸಿಗುವುದರಿಂದ ಇಲ್ಲಿ ಐದು ನಿಮಿಷದ ವಿರಾಮ ನೇರವಾಗಿ ನೇಕಾರರ ಜೇಬಿನಿಂದಲೇ ಹೋಗುತ್ತದೆ. ಕಾರ್ಖಾನೆಗೆಂದು ಬರೆದ ಯಾವ ವೇಳಾಪಟ್ಟಿಯೂ ಇಲ್ಲಿಗೆ ಹೊಂದದು. ನೇಕಾರರ ಸಂಘಗಳೂ ವಾಣಿಜ್ಯ ಸಂಸ್ಥೆಗಳೂ ಕೂಡಿ ಒಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿನವರನ್ನು ಕೂರಿಸಿ ಕೇಳಿ ನೋಡಬಹುದು. ಮಗ್ಗಗಳನ್ನು ನಿಲ್ಲಿಸಿ ಹತ್ತು ನಿಮಿಷ ಹೊರಗೆ ಬಂದು ನಿಂತರೆ ಬೆನ್ನಿಗಿಂತ ಕಿವಿಗೇ ಹೆಚ್ಚು ಆರಾಮ ಸಿಗಬಹುದು. ಅಥವಾ ಇಬ್ಬರು ನೇಕಾರರು ಸರದಿಯ ಮೇಲೆ ಒಬ್ಬರ ಮಗ್ಗಗಳನ್ನು ಇನ್ನೊಬ್ಬರು ನೋಡಿಕೊಳ್ಳುವುದೇ ಅವರಿಗೆ ಸರಿಕಾಣಬಹುದು. ಆ ಐದು ನಿಮಿಷದಲ್ಲಿ ಎಳೆ ಕಡಿದು ಸೀರೆಯಲ್ಲಿ ದೋಷ ಬಿದ್ದರೆ ಅದರ ಕಡಿತ ಯಾರ ಕೂಲಿಯಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕಾಗುತ್ತದೆ.